ಎರಡು ಕ್ವಯರ್ ಲೆಕ್ಕದ ಪುಸ್ತಕ: ಬಿ.ಕಾಂ., ಬಿಬಿಎ, ಎಂಬಿಎ ಓದುವವರು ತಮ್ಮ ಬೆಳವಣಿಗೆ ಬರೆದಿಡಲು ಹೇಗಿದೆ?

ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆ ಕಡೆಯ ಸ್ಟೇಷನರಿ ಅಂಗಡಿಗಳಲ್ಲಿ ಕೆಂಪು ಬಟ್ಟೆಯ ಬೆನ್ನು, ಗಟ್ಟಿ ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕ ಇವತ್ತಿಗೂ ಸಿಗುತ್ತದೆ. ದಲಾಲಿ ಅಂಗಡಿ, ಎಣ್ಣೆ ಮಿಲ್ಲು, ಕಿರಾಣಿಯವರಿಗಾಗಿ ಮಾಡಿದ ಸರಕು. ಇಲ್ಲಿ ಅದನ್ನು ತೂಗಿ ನೋಡುತ್ತಿರುವುದು ಬೇರೆಯದೇ ಕೆಲಸಕ್ಕೆ. ವ್ಯವಹಾರ ಶಾಸ್ತ್ರ ಓದುವ ವಿದ್ಯಾರ್ಥಿ ಎರಡು ಮೂರು ವರ್ಷದಲ್ಲಿ ತನ್ನೊಳಗೆ ಏನು ಬದಲಾಯಿತು ಎಂದು ಬರೆದಿಡಲು ಇದು ಆಗಿಬರುತ್ತದೆಯೇ? ಆಗಿಬರುತ್ತದೆ. 5ಕ್ಕೆ 4 ಕೊಡಬಹುದು. ಕಳೆದ ಒಂದು ಅಂಕ ಪುಸ್ತಕದ ತೂಕಕ್ಕೆ ಮತ್ತು ಹಾಸ್ಟೆಲ್ ರೂಮಿನಲ್ಲಿ ಅದನ್ನು ಬಚ್ಚಿಡುವ ಕಷ್ಟಕ್ಕೆ.

ಇಂಥ ದಾಖಲೆ ಯಾಕೆ ಬೇಕು ಎಂಬುದಕ್ಕೆ ದೊಡ್ಡ ಕಾರಣವೇನೂ ಹೇಳಬೇಕಿಲ್ಲ. ಇಂಟರ್ನ್‌ಶಿಪ್ ವರದಿಯ ಕೊನೆಯ ಅಧ್ಯಾಯ ‘ಕಲಿತದ್ದೇನು’ ಎಂದು ಕೇಳುತ್ತದೆ. ವೈವಾದಲ್ಲಿ ಅದೇ ಪ್ರಶ್ನೆ, ಕ್ಯಾಂಪಸ್ ಸಂದರ್ಶನದಲ್ಲೂ ಅದೇ. ಅಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ‘ಆತ್ಮವಿಶ್ವಾಸ ಹೆಚ್ಚಾಯಿತು, ತಂಡದಲ್ಲಿ ಕೆಲಸ ಮಾಡುವುದು ಗೊತ್ತಾಯಿತು’ ಎನ್ನುತ್ತಾರೆ. ಸುಳ್ಳಲ್ಲದಿರಬಹುದು, ಆದರೆ ವೋಚರ್ ಇಲ್ಲದ ಖರ್ಚಿನಂತೆ ಅದನ್ನು ಯಾರೂ ಒಪ್ಪುವುದಿಲ್ಲ. ವೋಚರ್ ಹುಟ್ಟುವುದು ಆಯಾ ದಿನ ಬರೆದಿಟ್ಟಾಗ ಮಾತ್ರ. ವಿಪ್ರೋ ಕಂಪನಿಯ ತರಬೇತಿಯಲ್ಲಿ ಹಾರ್ವರ್ಡ್ ಸಂಶೋಧಕರು ನಡೆಸಿದ ಪ್ರಯೋಗವೊಂದಿದೆ, 2014ರಲ್ಲಿ ಪ್ರಕಟವಾದದ್ದು. ದಿನದ ಕೊನೆಯ 15 ನಿಮಿಷ ಅಂದು ಕಲಿತದ್ದನ್ನು ಯೋಚಿಸಿ ಬರೆದ ಗುಂಪು, ಬರೆಯದ ಗುಂಪಿಗಿಂತ ಕೊನೆಯ ಪರೀಕ್ಷೆಯಲ್ಲಿ ಸುಮಾರು ಶೇ 23ರಷ್ಟು ಚೆನ್ನಾಗಿ ಮಾಡಿತು. ಆ 15 ನಿಮಿಷ ಕೆಲಸದಿಂದಲೇ ಕಡಿತವಾಗಿದ್ದರೂ ಹಾಗಾಯಿತು ಎಂಬುದು ಗಮನಿಸಬೇಕಾದ ಮಾತು.

ಮೊದಲು ಸರಕಿನ ಗುಣ. ‘ಕ್ವಯರ್’ ಎಂದರೆ ಲೆಕ್ಕದ ಪ್ರಕಾರ 24 ಹಾಳೆ. ನಡುವೆ ಮಡಿಸಿದರೆ 48 ಎಲೆ, 96 ಪುಟ. ಎರಡು ಕ್ವಯರ್‌ಗೆ 192 ಪುಟ, ಮೂರಕ್ಕೆ 288. ಆದರೆ ರಟ್ಟಿನ ಮೇಲೆ ‘2 ಕ್ವಯರ್’ ಎಂದು ಅಚ್ಚಾಗಿದ್ದರೂ ಒಳಗೆ 144 ಪುಟ ಇರುವ ಪುಸ್ತಕಗಳೂ ಮಾರಾಟಕ್ಕಿವೆ. ಕೊನೆಯ ಪುಟದ ಸಂಖ್ಯೆ ನೋಡದೆ ದುಡ್ಡು ಕೊಡಬೇಡಿ. ಪುಟಸಂಖ್ಯೆ ಅಚ್ಚಾಗಿರದಿದ್ದರೆ ಆ ಪುಸ್ತಕವನ್ನೇ ಬಿಡಿ. ಈ ಕೆಲಸಕ್ಕೆ ಅದು ಮುಖ್ಯ, ಕಾರಣ ಮುಂದೆ ಬರುತ್ತದೆ.

ಎರಡನೆಯದು ಗೆರೆ. ‘ಅಣ್ಣಾ, ಲೆಕ್ಕದ ಪುಸ್ತಕ ಐತಾ?’ ಎಂದಷ್ಟೇ ಕೇಳಿದರೆ ಸಾಮಾನ್ಯವಾಗಿ ಲೆಡ್ಜರ್ ರೂಲಿಂಗ್ ಕೈಗೆ ಬರುತ್ತದೆ. ಅದರಲ್ಲಿ ಒಂದೇ ಪುಟದ ಬಲಕ್ಕೆ ಮೂರು ಮೊತ್ತದ ಕಾಲಂ ಇರುವುದರಿಂದ ಬರವಣಿಗೆಗೆ ಉಳಿಯುವುದು ಅರ್ಧ ಪುಟ. ಕೇಳಬೇಕಾದದ್ದು ಕ್ಯಾಶ್‌ಬುಕ್ ರೂಲಿಂಗ್, ಅದರಲ್ಲೂ ಎಡಪುಟ ಪೂರ್ತಿ ಜಮೆಗೆ, ಬಲಪುಟ ಪೂರ್ತಿ ಖರ್ಚಿಗೆ ಇರುವಂಥದ್ದು. ಪ್ರತಿ ಪುಟದಲ್ಲಿ ತಾರೀಖು, ವಿವರ, ಎಲ್.ಎಫ್. (ಲೆಡ್ಜರ್ ಫೋಲಿಯೋ, ಅಂದರೆ ಖಾತೆಯ ಪುಟಸಂಖ್ಯೆ) ಎಂಬ ಸಣ್ಣ ಕಾಲಂ, ಕೊನೆಗೆ ರೂಪಾಯಿ–ಪೈಸೆ. ವಿವರದ ಕಾಲಂ ಒಂದು ಗೇಣಿನ ಮುಕ್ಕಾಲಾದರೂ ಅಗಲ ಇರಬೇಕು.

ಮೂರನೆಯದು ಹೊಲಿಗೆ. ಪುಸ್ತಕವನ್ನು ನಡುವೆ ಬಿಡಿಸಿ ಅಂಗಡಿಯ ಮೇಜಿನ ಮೇಲೆ ಇಡಿ. ಕೈ ಬಿಟ್ಟಾಗಲೂ ಅಂಗಾತ ಬಿದ್ದುಕೊಂಡಿದ್ದರೆ ದಾರದ ಹೊಲಿಗೆ ಸರಿಯಾಗಿದೆ. ತಾನೇ ಮುಚ್ಚಿಕೊಂಡರೆ ಬರಿ ಅಂಟಿನ ಕಟ್ಟು. ಎರಡನೆಯ ಸೆಮಿಸ್ಟರ್ ಹೊತ್ತಿಗೆ ನಡುವಿನ ಹಾಳೆಗಳು ಕೈಗೆ ಬರುತ್ತವೆ. ಎಡ–ಬಲ ಪುಟ ಎರಡನ್ನೂ ಒಟ್ಟಿಗೆ ನೋಡಿ ಬರೆಯುವ ಪುಸ್ತಕ ಇದಾದ್ದರಿಂದ ಈ ಪರೀಕ್ಷೆ ತಪ್ಪಿಸಬೇಡಿ. ಕಾಗದಕ್ಕೆ ಬೇರೆ ಪರೀಕ್ಷೆ: ಜೇಬಿನ ಜೆಲ್ ಪೆನ್ನಿನಲ್ಲಿ ಕೊನೆಯ ಹಾಳೆಯ ಮೂಲೆಗೆ ಒಂದು ಗೆರೆ. ಹಿಂದೆ ಮೂಡಿದರೆ ಬಾಲ್‌ಪೆನ್ನೇ ಗತಿ. ಮೂಡುವ ಕಾಗದವೇ ಹೆಚ್ಚು, ಅದಕ್ಕೆ ಬಾಲ್‌ಪೆನ್ ಎಂದುಕೊಂಡೇ ಕೊಳ್ಳುವುದು ಒಳ್ಳೆಯದು.

ಈಗ ಬಳಕೆ. ಇಲ್ಲಿಯೇ ಈ ಪುಸ್ತಕ ಮಿಕ್ಕ ಡೈರಿಗಳನ್ನು ಹಿಂದೆ ಹಾಕುವುದು.

1494ರಲ್ಲಿ ವೆನಿಸ್‌ನಲ್ಲಿ ಇಟಲಿಯ ಗಣಿತಜ್ಞ ಲೂಕಾ ಪಚೋಲಿ ಜೋಡಿ ನಮೂದಿನ (ಡಬಲ್ ಎಂಟ್ರಿ) ಲೆಕ್ಕವನ್ನು ಅಚ್ಚಿನಲ್ಲಿ ವಿವರಿಸಿದಾಗ ಮೂರು ಪುಸ್ತಕ ಹೇಳಿದ್ದ: ನಡೆದದ್ದನ್ನು ನಡೆದಲ್ಲೇ ಗೀಚುವ ಕಚ್ಚಾ ಪುಸ್ತಕ, ಅದನ್ನು ಕ್ರಮವಾಗಿ ಬರೆಯುವ ದಿನದ ಪುಸ್ತಕ, ಕೊನೆಗೆ ಖಾತೆವಾರು ಖತಾವಣಿ. ನಮ್ಮ ಪೇಟೆಯ ಗುಮಾಸ್ತರ ಕ್ರಮವೂ ಇದೇ: ಕಚ್ಚಾ ಚೀಟಿ, ಕಿರ್ದಿ, ಖತಾವಣಿ. ಬೆಳವಣಿಗೆಯ ದಾಖಲೆಗೂ ಈ ಮೂರು ಮೆಟ್ಟಿಲು ಬೇಕು. ಕಚ್ಚಾ ಚೀಟಿಯ ಕೆಲಸಕ್ಕೆ ಮೊಬೈಲ್ ಸಾಕು. ತೋಳಹುಣಸೆಯ ವಿಶ್ವವಿದ್ಯಾಲಯದಿಂದ ಬರುವ ಬಸ್ಸಿನಲ್ಲಿ ನಿಂತುಕೊಂಡು ಒಂದು ಸಾಲು ವಾಯ್ಸ್ ಟೈಪಿಂಗ್. ಕಿರ್ದಿ ರಾತ್ರಿ, ಪುಸ್ತಕದಲ್ಲಿ. ಖತಾವಣಿ ಭಾನುವಾರ. ಬಹಳಷ್ಟು ಡೈರಿಗಳು ಸೋಲುವುದು ಮೂರನೆಯ ಮೆಟ್ಟಿಲೇ ಅವುಗಳಲ್ಲಿ ಇಲ್ಲದ್ದಕ್ಕೆ. ದಿನಾ ಬರೆದದ್ದು ದಿನಾ ಬರೆದಲ್ಲೇ ಬಿದ್ದಿರುತ್ತದೆ, ಯಾರೂ ತಿರುಗಿ ಓದುವುದಿಲ್ಲ.

ಪುಟ ಹಂಚಿಕೆ ಹೀಗೆ. ಸೆಮಿಸ್ಟರ್‌ಗೆ ಪರೀಕ್ಷೆ ಸೇರಿ 20 ವಾರ ಎಂದಿಟ್ಟುಕೊಳ್ಳಿ. ಎದುರುಬದುರು ಎರಡು ಪುಟದಲ್ಲಿ ಎರಡು ವಾರದ ಕಿರ್ದಿ ಹಿಡಿಯುತ್ತದೆ (ವಾರಕ್ಕೆ ಐದು ನಮೂದು, ನಮೂದಿಗೆ ಮೂರು ಸಾಲು). ಅಲ್ಲಿಗೆ ಕಿರ್ದಿಗೆ 20 ಪುಟ. ಐದು ಖಾತೆ ಮತ್ತು ಒಂದು ಅಮಾನತು ಖಾತೆಗೆ (ಎಲ್ಲಿ ಹಾಕಬೇಕೆಂದು ತಿಳಿಯದ ನಮೂದನ್ನು ಸದ್ಯಕ್ಕೆ ಇಡುವ ಸಸ್ಪೆನ್ಸ್ ಖಾತೆ) ತಲಾ ಎರಡರಂತೆ 12. ತಿಂಗಳ ತಾಳೆಪಟ್ಟಿಗೆ (ಟ್ರಯಲ್ ಬ್ಯಾಲೆನ್ಸ್) 5, ಸೆಮಿಸ್ಟರ್ ಕೊನೆಯ ಅಢಾವೆಗೆ (ಆಸ್ತಿ–ಸಾಲದ ಪಟ್ಟಿ, ಬ್ಯಾಲೆನ್ಸ್ ಶೀಟ್) 2. ಒಟ್ಟು 39. ಎಂಬಿಎಯ ನಾಲ್ಕು ಸೆಮಿಸ್ಟರ್‌ಗೆ 156, ಪುಸ್ತಕದ ಆರಂಭದ ಸೂಚಿಗೆ 4 ಪುಟ. ನಿಜವಾದ ಎರಡು ಕ್ವಯರ್ ಪುಸ್ತಕದಲ್ಲಿ ಇಷ್ಟಾಗಿಯೂ 32 ಪುಟ ಉಳಿಯುತ್ತದೆ. ಬಿ.ಕಾಂ., ಬಿಬಿಎಯ ಆರು ಸೆಮಿಸ್ಟರ್‌ಗೆ 238 ಪುಟ ಬೇಕು, ಮೂರು ಕ್ವಯರ್ ತೆಗೆದುಕೊಳ್ಳಿ. 144 ಪುಟದ ಪುಸ್ತಕ ಎಂಬಿಎಗೂ ಸಾಲದು.

ಖಾತೆ ಐದಕ್ಕಿಂತ ಹೆಚ್ಚು ಬೇಡ. ಹೆಚ್ಚಿನವರಿಗೆ ಹೊಂದುವ ಐದು: ಮಾತು, ಲೆಕ್ಕ, ಬರಹ, ಜನ, ಹೊತ್ತು. ‘ಮಾತು’ ಎಂದರೆ ಪ್ರೆಸೆಂಟೇಶನ್, ವೈವಾ, ಗುಂಪು ಚರ್ಚೆ. ‘ಲೆಕ್ಕ’ದಲ್ಲಿ ಫೈನಾನ್ಸ್, ಸ್ಟ್ಯಾಟಿಸ್ಟಿಕ್ಸ್, ಎಕ್ಸೆಲ್. ‘ಬರಹ’ ಕನ್ನಡ ಮಾಧ್ಯಮದಿಂದ ಬಂದವರಿಗೆ ಬಹಳ ಮುಖ್ಯ. ಇಂಗ್ಲಿಷ್ ವರದಿ, ಮೇಲ್ ಎಲ್ಲ ಇದರಡಿ. ‘ಜನ’ ಎಂದರೆ ಅಸೈನ್‌ಮೆಂಟ್ ಗುಂಪಿನ ಜಗಳ, ಇಂಟರ್ನ್‌ಶಿಪ್‌ನ ಮೇಲಧಿಕಾರಿ, ಸರ್ವೆಗೆ ಹೋದಾಗ ಬಾಗಿಲು ಹಾಕಿದ ಮನೆ. ‘ಹೊತ್ತು’ ಎಂದರೆ ಸಮಯ ಹೊಂದಿಸಿಕೊಳ್ಳುವುದು. ‘ನಾಯಕತ್ವ’, ‘ಭಾವನಾತ್ಮಕ ಬುದ್ಧಿಮತ್ತೆ’ ಎಂಬ ಖಾತೆ ತೆರೆಯಬೇಡಿ. ಕೇಳಲು ಚೆನ್ನ, ಆದರೆ ಯಾವ ನಮೂದನ್ನು ಅಲ್ಲಿಗೆ ಹಾಕಬೇಕು ಎಂದು ಭಾನುವಾರ ಸಂಜೆ ಯಾರಿಗೂ ತಿಳಿಯುವುದಿಲ್ಲ.

ಕಿರ್ದಿಯ ನಿಯಮ ಒಂದೇ. ಎಡಕ್ಕೆ ಬಂದದ್ದು, ಬಲಕ್ಕೆ ಅದಕ್ಕಾಗಿ ಹೋದದ್ದು. ದೇಸಿ ಲೆಕ್ಕದಲ್ಲಿ ಜಮೆ ಎಡಕ್ಕೇ ಇರುವುದು. ಕಾಲೇಜಿನಲ್ಲಿ ಡೆಬಿಟ್ ಎಡಕ್ಕೆ ಎಂದು ಕಲಿತವರು ಮೊದಲ ವಾರ ತಡಬಡಾಯಿಸುತ್ತಾರೆ, ಆಮೇಲೆ ಒಗ್ಗುತ್ತದೆ. ಒಂದು ಮಾದರಿ ನಮೂದು ನೋಡಿ. ಎಡಪುಟ: ‘ಮಾರ್ಕೆಟಿಂಗ್ ಪ್ರೆಸೆಂಟೇಶನ್. 10 ನಿಮಿಷಕ್ಕೆ 12 ಸ್ಲೈಡ್. ಮೂರನೆಯ ಸ್ಲೈಡಿಗೇ 6 ನಿಮಿಷ ಮುಗಿಯಿತು, ಕೊನೆಯ ನಾಲ್ಕು ತೋರಿಸಲಾಗಲಿಲ್ಲ. ಮುಂದೆ 8 ದಾಟಬಾರದು.’ ಬಲಪುಟ: ‘ತಯಾರಿ 4 ಗಂಟೆ 30 ನಿಮಿಷ. ಅದರಲ್ಲಿ 3 ಗಂಟೆ ಬಣ್ಣ, ಚಿತ್ರಕ್ಕೆ. ಗಡಿಯಾರ ಇಟ್ಟು ಜೋರಾಗಿ ಹೇಳಿ ನೋಡಿದ್ದು ಸೊನ್ನೆ. ಜೊತೆಯವಳ ಭಾಗ ತಿಂದುಹಾಕಿದ್ದಕ್ಕೆ ಅವಳ ಮುನಿಸು.’ ಮೊತ್ತದ ಕಾಲಂನಲ್ಲಿ 4–30. ರೂಪಾಯಿ ಕಾಲಂ ಗಂಟೆಗೆ, ಪೈಸೆ ಕಾಲಂ ನಿಮಿಷಕ್ಕೆ. ಕೂಡುವಾಗ ಮಾತ್ರ 60 ‘ಪೈಸೆ’ಗೆ ಒಂದು ‘ರೂಪಾಯಿ’ ಎಂಬುದು ನೆನಪಿರಲಿ. ಕೂಡುವ ಅಭ್ಯಾಸ ನೂರಕ್ಕೆ ಒಗ್ಗಿರುವುದರಿಂದ ಮೊದಲ ತಿಂಗಳ ಮೊತ್ತ ತಪ್ಪುವುದು ಇಲ್ಲಿಯೇ.

ಬಲಪುಟವೇ ಈ ಪುಸ್ತಕದ ಪ್ರಾಣ. ಸಾಮಾನ್ಯ ಡೈರಿಗೆ ಒಂದೇ ಮಗ್ಗುಲು. ಕಲಿತೆ, ಬೆಳೆದೆ, ಖುಷಿಯಾಯಿತು ಎಂದು ಬರೆದು ಮಲಗಬಹುದು. ಇಲ್ಲಿ ಬಲಗಡೆ ಖಾಲಿ ಇದ್ದರೆ ಕಣ್ಣಿಗೆ ಚುಚ್ಚುತ್ತದೆ. ಯಾವುದೇ ಕಲಿಕೆಗೆ ಏನೋ ಒಂದು ಹೋಗಿರಬೇಕು: ಹೊತ್ತು, ದುಡ್ಡು, ನಿದ್ದೆ, ಒಬ್ಬರ ಸ್ನೇಹ, ಇಲ್ಲವೇ ತಾನು ಜಾಣ ಎಂಬ ನಂಬಿಕೆ. ಖರ್ಚು ಬರೆಯಲು ಬಾರದ ಜಮೆ ಬಹುಪಾಲು ಬರಿ ಮಾತು. ‘ಆತ್ಮವಿಶ್ವಾಸ ಬಂತು’ ಎಂದು ಎಡಕ್ಕೆ ಬರೆದು ಬಲಕ್ಕೆ ಏನು ಬರೆಯುವುದು ಎಂದು ಹತ್ತು ನಿಮಿಷ ಕೂತರೆ, ಎಡಗಡೆಯದನ್ನೇ ಹೊಡೆದುಹಾಕುವ ಮನಸ್ಸಾಗುತ್ತದೆ. ಹೊಡೆದುಹಾಕಿ, ಆದರೆ ವೈಟ್‌ನರ್ ಬೇಡ. ಲೆಕ್ಕದ ಪುಸ್ತಕದಲ್ಲಿ ತಪ್ಪಿಗೆ ಒಂದೇ ಗೆರೆ, ಕೆಳಗಿನ ಅಕ್ಷರ ಓದಲು ಬರುವಂತೆ.

ಭಾನುವಾರದ ಕೆಲಸ ಅರ್ಧ ಗಂಟೆಯದು. ವಾರದ ಐದು ನಮೂದನ್ನು ಒಂದೊಂದೇ ಸಾಲಿಗೆ ಇಳಿಸಿ ಆಯಾ ಖಾತೆಗೆ ಹಾಕಬೇಕು. ಹಾಕಿದ ಪುಟದ ಸಂಖ್ಯೆಯನ್ನು ಕಿರ್ದಿಯ ಎಲ್.ಎಫ್. ಕಾಲಂನಲ್ಲಿ ಬರೆಯಬೇಕು. ಪುಟಸಂಖ್ಯೆ ಅಚ್ಚಾಗಿರಬೇಕು ಎಂದದ್ದು ಇದಕ್ಕೆ. ಎಲ್.ಎಫ್. ಖಾಲಿ ಉಳಿದ ನಮೂದು ಇನ್ನೂ ಅರ್ಥವಾಗದ ನಮೂದು. ಅದು ಯಾವ ಖಾತೆಗೂ ಕೂರದಿದ್ದರೆ ಅಮಾನತು ಖಾತೆಗೆ ಹಾಕಿ. ಉದಾಹರಣೆಗೆ, ಪ್ರಾಜೆಕ್ಟ್ ಗೈಡ್ ಎಲ್ಲರೆದುರು ‘ಇದು ಕಾಪಿ ಮಾಡಿದ್ದಲ್ವಾ?’ ಎಂದರು, ಮೈ ಉರಿಯಿತು, ತಪ್ಪು ಯಾರದು ಎಂದು ಆ ವಾರ ತಿಳಿಯಲಿಲ್ಲ. ತಿಂಗಳೊಳಗೆ ಅಮಾನತು ಖಾತೆ ಬಿಡಿಸಿಕೊಳ್ಳಬೇಕು ಎಂಬುದು ಲೆಕ್ಕದವರ ಶಿಸ್ತು. ಇಲ್ಲಿಯೂ ಅಷ್ಟೇ ಗಡುವು ಇಟ್ಟುಕೊಳ್ಳಿ. ಸಿಟ್ಟಿನಲ್ಲಿ ಅಂದೇ ‘ಜನ’ ಖಾತೆಗೆ ಹಾಕಿದ್ದಕ್ಕೂ, ಮೂರು ವಾರ ಬಿಟ್ಟು ‘ಬರಹ’ ಖಾತೆಗೆ (ಮೂಲ ಹೇಳದೆ ಎರಡು ಪ್ಯಾರಾ ಎತ್ತಿದ್ದು ನಿಜ) ಹಾಕಿದ್ದಕ್ಕೂ ಬಹಳ ವ್ಯತ್ಯಾಸ ಇರುತ್ತದೆ.

ತಿಂಗಳ ಕೊನೆಗೆ ತಾಳೆಪಟ್ಟಿ. ಪ್ರತಿ ಖಾತೆಗೆ ಎಷ್ಟು ಗಂಟೆ ಹೋಯಿತು, ಎಷ್ಟು ನಮೂದು ಬಂತು, ಅದರಲ್ಲಿ ಮತ್ತೆ ಮತ್ತೆ ಬಂದ ತಪ್ಪು ಯಾವುದು, ಇಷ್ಟು ಸಾಕು. ತಾಳೆ ಬಿದ್ದರೂ ಲೆಕ್ಕ ಸರಿ ಎಂದೇನಿಲ್ಲ ಎಂಬುದನ್ನು ಕಾಮರ್ಸ್ ಓದಿದವರಿಗೆ ಹೇಳಬೇಕಾಗಿಲ್ಲ. ತಾಳೆಪಟ್ಟಿಯ ಕಣ್ಣಿಗೆ ಬೀಳದ ತಪ್ಪುಗಳ ಪಟ್ಟಿಯನ್ನು ಪರೀಕ್ಷೆಗೆ ಉರು ಹೊಡೆದೇ ಬಂದಿರುತ್ತಾರೆ. ಆ ಪಟ್ಟಿ ಇಲ್ಲಿ ಅಕ್ಷರಶಃ ಉಪಯೋಗಕ್ಕೆ ಬರುತ್ತದೆ, ಬಹುಶಃ ತರಗತಿಗಿಂತ ಹೆಚ್ಚಾಗಿ.

ಬಿಟ್ಟುಹೋದ ತಪ್ಪು ಎಲ್ಲಕ್ಕಿಂತ ಸಾಮಾನ್ಯ. ಇಂಟರ್ನಲ್‌ನಲ್ಲಿ 40ಕ್ಕೆ 11 ಬಂದ ವಾರದ ಕಿರ್ದಿ ಖಾಲಿ. ಕೆಟ್ಟ ದಿನ ಬರೆಯುವ ಮನಸ್ಸಿರುವುದಿಲ್ಲ, ಹಾಗಾಗಿ ಪುಸ್ತಕದಲ್ಲಿ ಒಳ್ಳೆಯ ದಿನಗಳಷ್ಟೇ ಉಳಿದು ಸೆಮಿಸ್ಟರ್ ಕೊನೆಗೆ ಎಲ್ಲವೂ ಚಂದ ಕಾಣುತ್ತದೆ. ಉಪಾಯ: ಕೆಟ್ಟ ದಿನ ಒಂದೇ ಸಾಲು, ಅಂಕಿ ಮಾತ್ರ. ‘ಕಾಸ್ಟಿಂಗ್ 11/40. ಓದಿದ್ದು 2 ಗಂಟೆ.’ ವಿವರ ವಾರದ ಮೇಲೆ ಬರೆದರಾಯಿತು.

ತತ್ವದ ತಪ್ಪು ಇನ್ನೂ ನಯವಾದದ್ದು. ಬಂಡವಾಳ ವೆಚ್ಚವನ್ನೂ ಆದಾಯ ವೆಚ್ಚವನ್ನೂ ಅದಲು ಬದಲು ಮಾಡುವುದು. ಪರೀಕ್ಷೆಯ ಹಿಂದಿನ ರಾತ್ರಿ 14 ವ್ಯಾಖ್ಯಾನ ಬಾಯಿಪಾಠ ಮಾಡಿದ್ದು ಆದಾಯ ವೆಚ್ಚ. ಆ ಪರೀಕ್ಷೆಗೇ ತೀರಿತು. ಎಕ್ಸೆಲ್‌ನಲ್ಲಿ ಪಿವಟ್ ಟೇಬಲ್ ಕಲಿತದ್ದು ಬಂಡವಾಳ. ಮುಂದಿನ ಮೂರು ಸೆಮಿಸ್ಟರ್ ದುಡಿಯುತ್ತದೆ. ಅಂಕವನ್ನು ಬೆಳವಣಿಗೆ ಎಂದು ಅಢಾವೆಯ ಆಸ್ತಿ ಬದಿಗೆ ಬರೆದವರ ಪುಸ್ತಕ ಉಬ್ಬಿರುತ್ತದೆ. ಕೇಳಿಕೊಳ್ಳಬೇಕಾದ ಪ್ರಶ್ನೆ ಸಣ್ಣದು: ಇದು ಮುಂದಿನ ಸೆಮಿಸ್ಟರ್‌ನಲ್ಲಿ ಕೆಲಸಕ್ಕೆ ಬಂದೀತೇ?

ಸರಿದೂಗುವ ತಪ್ಪು ಎಂದರೆ ಒಂದು ಕಡೆಯ ಕೊರತೆಯನ್ನು ಇನ್ನೊಂದು ಕಡೆಯ ಹೆಚ್ಚು ಮುಚ್ಚುವುದು. ಪ್ರೆಸೆಂಟೇಶನ್‌ಗೆ ಚಪ್ಪಾಳೆ ಬಿತ್ತು, ಆದರೆ ಐದು ಜನರ ಗುಂಪಿನ ಕೆಲಸವನ್ನೆಲ್ಲ ಒಬ್ಬರೇ ಮಾಡಿದ್ದರು. ‘ಮಾತು’ ಖಾತೆ ಏರಿತು, ‘ಜನ’ ಖಾತೆ ಇಳಿಯಿತು. ಒಟ್ಟು ಮೊತ್ತದಲ್ಲಿ ಏನೂ ಗೊತ್ತಾಗುವುದಿಲ್ಲ. ಖಾತೆವಾರು ಓದಿದಾಗ ಮಾತ್ರ ಸಿಗುತ್ತದೆ. ಅದಕ್ಕೇ ಐದನ್ನೂ ಕೂಡಿ ‘ಈ ತಿಂಗಳು 10ಕ್ಕೆ 7’ ಎಂದು ಒಂದೇ ಅಂಕ ಕೊಟ್ಟುಕೊಳ್ಳುವ ಚಟ ಬೇಡ.

ಹೊಗಳಿಕೆಯ ವಿಚಾರಕ್ಕೂ ಲೆಕ್ಕಶಾಸ್ತ್ರದಲ್ಲಿ ಉತ್ತರ ಇದೆ. ಸಂಸ್ಥೆ ತಾನೇ ಬೆಳೆಸಿಕೊಂಡ ಗುಡ್‌ವಿಲ್ (ಒಳ್ಳೆಯ ಹೆಸರಿನ ಬೆಲೆ) ಅನ್ನು ಆಸ್ತಿಯಾಗಿ ಪುಸ್ತಕಕ್ಕೆ ಹತ್ತಿಸುವಂತಿಲ್ಲ ಎನ್ನುತ್ತದೆ ಲೆಕ್ಕ ಮಾನದಂಡ 26 (ಎಎಸ್ 26). ‘ಮೇಡಂ ಸೂಪರ್ ಅಂದ್ರು’ ಎಂಬುದೂ ಹಾಗೆ. ಕಿರ್ದಿಯ ವಿವರದಲ್ಲಿ ಇರಲಿ, ಖಾತೆಗೆ ಹೋಗಬಾರದು. ‘ಮುಂದಿನ ವಾರದಿಂದ ಬೆಳಿಗ್ಗೆ ಎದ್ದು ಓದುತ್ತೇನೆ’ ಎಂಬುದು ಉದ್ರಿ. ಬ್ಯಾಂಕು 90 ದಿನ ಬಾಕಿ ನಿಂತ ಸಾಲವನ್ನು ಅನುತ್ಪಾದಕ ಎನ್ನುತ್ತದೆ; ಸಂಕಲ್ಪಕ್ಕೂ ಅಷ್ಟೇ ದಿನ ಕೊಡಿ. ತೀರದಿದ್ದರೆ ‘ಮುಳುಗಿದ ಸಾಲ’ ಎಂದು ಬರೆದು ತೆಗೆದುಹಾಕಿ. ಅದೇ ಸಂಕಲ್ಪ ಮೂರನೆಯ ಸಲ ಬರೆದದ್ದು ಕಣ್ಣಿಗೆ ಬಿದ್ದರೆ ತೊಂದರೆ ಸಂಕಲ್ಪದಲ್ಲಿ ಇಲ್ಲ, ವೇಳಾಪಟ್ಟಿಯಲ್ಲಿ ಇದೆ. ಚನ್ನಗಿರಿ, ಜಗಳೂರಿನಿಂದ ದಿನಾ ಬಸ್ಸಿಗೆ ಓಡಾಡುವವರು ಬೆಳಗಿನ ಓದು ಎಂದು ಬರೆದರೆ ಅದು ಹುಟ್ಟುವಾಗಲೇ ಮುಳುಗಿದ ಸಾಲ.

ಸವಕಳಿಯನ್ನು ಹೆಚ್ಚಿನವರು ಮರೆಯುತ್ತಾರೆ. ಮೊದಲ ಸೆಮಿಸ್ಟರ್‌ನಲ್ಲಿ ಕಲಿತ ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಮೂರನೆಯದರಲ್ಲಿ ಎಷ್ಟು ಉಳಿದಿದೆ? ಅಢಾವೆ ಬರೆಯುವ ಮುಂಚೆ ಹಳೆಯ ಆಸ್ತಿಗಳಲ್ಲಿ ಮೂರನ್ನು ಆರಿಸಿ ಮಾಡಿ ನೋಡಬೇಕು. ಪುಸ್ತಕ ನೋಡದೆ ಒಂದು ಜಿಎಸ್‌ಟಿ ಇನ್‌ವಾಯ್ಸ್ ಹಾಕಲು ಬರುತ್ತದೆಯೇ, ಬ್ರೇಕ್ ಈವನ್ (ಲಾಭವೂ ಇಲ್ಲ, ನಷ್ಟವೂ ಇಲ್ಲ ಎನ್ನುವಷ್ಟು ಮಾರಾಟ) ತೆಗೆಯಲು ಬರುತ್ತದೆಯೇ? ಬಂದರೆ ಪೂರ್ಣ ಬೆಲೆ, ತಡವರಿಸಿದರೆ ಅರ್ಧ, ಬರದಿದ್ದರೆ ಸೊನ್ನೆ. ಬ್ರೇಕ್ ಈವನ್‌ಗೆ ಪಠ್ಯದ ಲೆಕ್ಕವೇ ಬೇಕೆಂದಿಲ್ಲ. ಬೆಣ್ಣೆ ದೋಸೆ ಹೋಟೆಲಿನ ಮುಂದೆ ಅರ್ಧ ಗಂಟೆ ನಿಂತು ಹಂಚಿಗೆ ಒಂದು ಸಲಕ್ಕೆ ಎಷ್ಟು ದೋಸೆ, ಎಷ್ಟು ನಿಮಿಷಕ್ಕೆ ಇಳಿಯುತ್ತದೆ, ಕೂತವರು ಎಷ್ಟು ಹೊತ್ತಿಗೆ ಏಳುತ್ತಾರೆ ಎಂದು ಎಣಿಸಿದರೆ ಸ್ಥಿರ ವೆಚ್ಚ, ಬದಲಾಗುವ ವೆಚ್ಚ, ಸಾಮರ್ಥ್ಯ ಮೂರೂ ಕಣ್ಣೆದುರೇ ಇವೆ. ಮಂಡಕ್ಕಿ ಭಟ್ಟಿಯಲ್ಲಿ ಪ್ರಾಸೆಸ್ ಕಾಸ್ಟಿಂಗ್ (ತಯಾರಿಯ ಹಂತ ಹಂತಕ್ಕೆ ವೆಚ್ಚ ಕಟ್ಟುವುದು) ಇದೆ, ಎಪಿಎಂಸಿಯ ಮೆಕ್ಕೆಜೋಳದ ವ್ಯಾಪಾರದಲ್ಲಿ ಬೆಲೆ ಕಟ್ಟುವ ಕ್ರಮ ಇದೆ. ಚಿತ್ರದುರ್ಗದ ಕಡೆಯವರಿಗೆ ಚಳ್ಳಕೆರೆಯ ಶೇಂಗಾ ಎಣ್ಣೆ ಗಿರಣಿಗಳಿವೆ. ಹಿಂಡಿಯೂ ಮಾರಾಟವಾಗುವುದರಿಂದ ಉಪಉತ್ಪನ್ನದ ಲೆಕ್ಕಕ್ಕೆ ಅದಕ್ಕಿಂತ ಒಳ್ಳೆಯ ಪಾಠ ಸಿಗದು. ಇಂಥ ನಮೂದು ವಾರಕ್ಕೆ ಒಂದಾದರೂ ಇದ್ದರೆ ‘ಲೆಕ್ಕ’ ಖಾತೆ ತೂಕಕ್ಕೆ ಬರುತ್ತದೆ.

ಆರಂಭದ ನಾಲ್ಕು ಪುಟ ಸೂಚಿಗೆ ಎಂದೆವಲ್ಲ, ಅದರಲ್ಲಿ ಒಂದು ಪುಟ ಬೇರೆ ಕೆಲಸಕ್ಕೆ ಮೀಸಲಿಡಿ. ಮ್ಯಾನೇಜ್‌ಮೆಂಟ್ ಚಿಂತಕ ಪೀಟರ್ ಡ್ರಕರ್ ಹೇಳಿದ ಪದ್ಧತಿ ಇದು: ದೊಡ್ಡ ನಿರ್ಧಾರ ಮಾಡಿದಾಗಲೆಲ್ಲ ಅದರಿಂದ ಏನಾಗುತ್ತದೆ ಎಂದು ನಿರೀಕ್ಷಿಸಿದ್ದೀರೋ ಅದನ್ನು ಬರೆದಿಡಿ, ಒಂಬತ್ತರಿಂದ ಹನ್ನೆರಡು ತಿಂಗಳ ಮೇಲೆ ಆದದ್ದರ ಜೊತೆ ಹೋಲಿಸಿ. ಎಂಬಿಎಯವರಿಗೆ ಫೈನಾನ್ಸೋ ಎಚ್‌ಆರೋ ಎಂದು ಆರಿಸುವ ದಿನ, ಬಿ.ಕಾಂ.ನವರಿಗೆ ಜೊತೆಗೆ ಸಿಎ ಫೌಂಡೇಶನ್ ಕಟ್ಟುವ ದಿನ ಈ ಪುಟ ತೆರೆಯಬೇಕು. ‘ಗೆಳೆಯರೆಲ್ಲ ತೆಗೆದುಕೊಂಡರು’ ಎಂಬ ಕಾರಣವನ್ನೂ ಮುಚ್ಚುಮರೆ ಇಲ್ಲದೆ ಬರೆಯಿರಿ. ಆಮೇಲೆ ನೆನಪು ಅದನ್ನು ‘ಆಸಕ್ತಿ ಇತ್ತು’ ಎಂದು ತಿದ್ದಿಬಿಡುತ್ತದೆ.

ಇನ್ನು ಇದರ ಎದುರಾಳಿಗಳು. ಹೊಸ ವರ್ಷಕ್ಕೆ ಬ್ಯಾಂಕಿನವರು, ಗೊಬ್ಬರದಂಗಡಿಯವರು ಕೊಡುವ ಡೈರಿ ಪುಕ್ಕಟೆ ಸಿಗುತ್ತದೆ, ಕಾಗದವೂ ಚೆನ್ನಾಗಿರುತ್ತದೆ. ಆದರೆ ಅದು ಜನವರಿಗೆ ಶುರುವಾಗುತ್ತದೆ. ಸೆಮಿಸ್ಟರ್ ನಡುವಿನಲ್ಲಿ ಮುರಿಯುತ್ತದೆ. ಅದಕ್ಕಿಂತ ಕೆಟ್ಟದ್ದು ದಿನಕ್ಕೊಂದು ಪುಟ ಎಂಬ ಲೆಕ್ಕ. ನಾಲ್ಕು ದಿನ ಬರೆಯದಿದ್ದರೆ ನಾಲ್ಕು ಪುಟ ಖಾಲಿ ನಿಂತು ಅಣಕಿಸುತ್ತವೆ, ಐದನೆಯ ದಿನ ಡೈರಿ ಕಪಾಟು ಸೇರುತ್ತದೆ. ಲೆಕ್ಕದ ಪುಸ್ತಕದಲ್ಲಿ ತಾರೀಖು ನೀವೇ ಹಾಕುವುದರಿಂದ ಬಿಟ್ಟ ದಿನಕ್ಕೆ ಜಾಗ ವ್ಯರ್ಥವಿಲ್ಲ.

ಇಂಗ್ಲಿಷ್ ಪ್ರಶ್ನೆಗಳು ಅಚ್ಚಾದ ದುಬಾರಿ ಜರ್ನಲ್‌ಗಳು ಆನ್‌ಲೈನ್‌ನಲ್ಲಿ ಬೇಕಾದಷ್ಟಿವೆ. ಇವತ್ತು ಯಾವ ಮೂರು ವಿಷಯಕ್ಕೆ ಕೃತಜ್ಞರಾಗಿದ್ದೀರಿ ಎಂದು ದಿನಾ ಅದನ್ನೇ ಕೇಳುತ್ತವೆ. ಸ್ಟ್ಯಾಟಿಸ್ಟಿಕ್ಸ್ ಬ್ಯಾಕ್‌ಲಾಗ್ ಇರುವವರಿಗೆ ಅದು ಉಪಯೋಗಕ್ಕೆ ಬರುವ ಪ್ರಶ್ನೆ ಅಲ್ಲ. 5ಕ್ಕೆ 2.

ಮೊಬೈಲ್ ಆ್ಯಪ್ ಹುಡುಕಲು, ಫೋಟೊ ಸೇರಿಸಲು ಅನುಕೂಲ. ಆದರೆ ಬರೆಯಲು ತೆರೆದವರು ರೀಲ್ಸ್‌ನಲ್ಲಿ ಮುಳುಗೇಳುತ್ತಾರೆ. ಕಚ್ಚಾ ಚೀಟಿಗೆ ಮಾತ್ರ ಸಾಕು.

ಶಿಕ್ಷಣತಜ್ಞ ಗ್ರಹಾಂ ಗಿಬ್ಸ್ 1988ರಲ್ಲಿ ಹೇಳಿದ ಆರು ಮೆಟ್ಟಿಲಿನ ಚಕ್ರವನ್ನು (ನಡೆದದ್ದು, ಅನಿಸಿದ್ದು, ಒಳಿತು ಕೆಡಕು, ಕಾರಣ, ತೀರ್ಮಾನ, ಮುಂದಿನ ಹೆಜ್ಜೆ) ಅಚ್ಚು ಹಾಕಿದ ಹಾಳೆಗಳು ಕೆಲವು ಕಡೆ ಬಳಕೆಯಲ್ಲಿವೆ. ಪದ್ಧತಿ ಗಟ್ಟಿಯಾದದ್ದೇ. ದಿನಾ ಮಾಡಲು ಹೋದರೆ ಮಾತ್ರ ಭಾರ. ಪ್ರತಿ ಸಲ ಒಂದೂವರೆ ಪುಟ ಬೇಕು, ಎರಡನೆಯ ವಾರಕ್ಕೆ ಎಲ್ಲರ ‘ಅನಿಸಿದ್ದು’ ಒಂದೇ ತರ ಕಾಣಿಸುತ್ತದೆ. ತಿಂಗಳಿಗೆ ಒಂದು ದೊಡ್ಡ ಘಟನೆಗೆ, ಅದೂ ಅಮಾನತು ಖಾತೆ ಬಿಡಿಸುವಾಗ ಈ ಆರು ಮೆಟ್ಟಿಲು ಏರುವುದು ಸರಿಯಾದ ಬಳಕೆ. ಕಾಲೇಜಿನ ಇಂಟರ್ನ್‌ಶಿಪ್ ಲಾಗ್‌ಬುಕ್ಕನ್ನು ಈ ಸಾಲಿಗೆ ಸೇರಿಸಲೇಬಾರದು. ಸಹಿಗಾಗಿ ಬರೆಯುವ ಪುಸ್ತಕದಲ್ಲಿ ಸೋಲು ಇರುವುದಿಲ್ಲ.

ದೋಷಗಳನ್ನೂ ಹೇಳಬೇಕು. ಪುಸ್ತಕ ಉದ್ದ; ಸಾಮಾನ್ಯ ಬ್ಯಾಗಿನಲ್ಲಿ ತಲೆ ಹೊರಗೆ ಇಣುಕುತ್ತದೆ, ಮಳೆಗಾಲದಲ್ಲಿ ಮೇಲಿನ ಅಂಚು ನೆನೆದು ಉಬ್ಬುತ್ತದೆ. ಮನೆಯಲ್ಲೋ ರೂಮಿನಲ್ಲೋ ಇಟ್ಟೇ ಬರೆಯುವುದು ಲೇಸು. ಗುಟ್ಟಿನ ಸಮಸ್ಯೆ ಇನ್ನೂ ದೊಡ್ಡದು. ಮೂವರು ಇರುವ ಹಾಸ್ಟೆಲ್ ರೂಮಿನಲ್ಲಿ ಕೆಂಪು ಪುಸ್ತಕ ಕಂಡರೆ ಯಾರಾದರೂ ತೆರೆಯುತ್ತಾರೆ. ‘ಜನ’ ಖಾತೆಯಲ್ಲಿ ಹೆಸರು ಬರೆಯಬೇಡಿ. ಗುಂಪಿನವರಿಗೆ ಕ, ಖ, ಗ ಎಂದು ಇಟ್ಟುಕೊಂಡರೆ ಸಾಕು. ಅದರಿಂದ ಇನ್ನೊಂದು ಲಾಭವೂ ಇದೆ. ಹೆಸರು ಹೋದ ಕೂಡಲೇ ದೂರು ತಗ್ಗಿ, ನಡೆದದ್ದು ಏನು ಎಂಬುದು ಮುಂದೆ ಬರುತ್ತದೆ.

ಬರೆಯುವುದಕ್ಕೆ ತಗಲುವ ಹೊತ್ತನ್ನೂ ಕೂಡಿ ನೋಡಿ. ದಿನಕ್ಕೆ 8 ನಿಮಿಷದಂತೆ ವಾರಕ್ಕೆ ಐದು ದಿನ, ಭಾನುವಾರ 30 ನಿಮಿಷ, ವಾರಕ್ಕೆ 70. ತಿಂಗಳ ತಾಳೆಪಟ್ಟಿಗೆ 40 ನಿಮಿಷ, ಅಢಾವೆಗೆ ಎರಡು ಗಂಟೆ. 20 ವಾರದ ಸೆಮಿಸ್ಟರ್‌ಗೆ ಹತ್ತಿರ ಹತ್ತಿರ 29 ಗಂಟೆ. ಸಣ್ಣ ಮೊತ್ತವಲ್ಲ. ಸಂಜೆ ಅಂಗಡಿಯಲ್ಲಿ ದುಡಿಯುತ್ತ ಓದುವವರು ವಾರಕ್ಕೆ ಎರಡೇ ಕಿರ್ದಿ ಬರೆದು, ಖತಾವಣಿಯನ್ನು ಹದಿನೈದು ದಿನಕ್ಕೊಮ್ಮೆ ಮಾಡಿದರೆ 29 ಗಂಟೆ ಸುಮಾರು 16ಕ್ಕೆ ಇಳಿಯುತ್ತದೆ. ಅದಕ್ಕಿಂತ ಕಡಿಮೆ ಮಾಡಿದರೆ ಭಾನುವಾರ ನೆನಪಿನಿಂದ ಬರೆಯಬೇಕಾಗುತ್ತದೆ. ನೆನಪಿನಿಂದ ಬರೆದ ಕಿರ್ದಿಯನ್ನು ಯಾವ ಆಡಿಟರೂ ಒಪ್ಪುವುದಿಲ್ಲ.

ಸೆಮಿಸ್ಟರ್ ಕೊನೆಯ ಅಢಾವೆ ಬರೆಯುವಾಗ ಎಡವುವ ಜಾಗ ಒಂದೇ: ಜವಾಬ್ದಾರಿ ಬದಿ. ಆಸ್ತಿ ಬದಿಗೆ ಬರೆಯಲು ಎಲ್ಲರಿಗೂ ಆಗುತ್ತದೆ. ಸಾಲದ ಬದಿಗೆ ಏನು ಬರೆಯುವುದು? ಬ್ಯಾಕ್‌ಲಾಗ್ ಪೇಪರ್, ಕೊಡದೆ ಉಳಿಸಿದ ಅಸೈನ್‌ಮೆಂಟ್, ಲೆಕ್ಕ ಹೇಳಿಕೊಟ್ಟ ಹಿರಿಯ ವಿದ್ಯಾರ್ಥಿಗೆ ತೀರಿಸದ ಋಣ, ಫೀಸಿಗೆಂದು ಮನೆಯವರು ಎತ್ತಿದ ಸಾಲ. ಈ ಬದಿಯಲ್ಲಿ ಕನಿಷ್ಠ ನಾಲ್ಕು ಸಾಲು ಬರದಿದ್ದರೆ ಕಿರ್ದಿಗೆ ಹಿಂದಿರುಗಿ ಬಲಪುಟಗಳನ್ನು ಇನ್ನೊಮ್ಮೆ ಓದಿ. ಅಲ್ಲಿ ಸಿಗುತ್ತವೆ. ಉಳಿದ ಆಖೈರು ಶಿಲ್ಕನ್ನು (ಕೊನೆಯ ಬಾಕಿ) ಮುಂದಿನ ಸೆಮಿಸ್ಟರ್‌ನ ಮೊದಲ ಪುಟಕ್ಕೆ ಆರಂಭದ ಶಿಲ್ಕಾಗಿ ಎತ್ತಿ ಬರೆಯುವಾಗ ಪದ ತಿದ್ದಬೇಡಿ, ಇದ್ದ ಹಾಗೆ ಎತ್ತಿ.

ಕೊಳ್ಳುವವರಿಗೆ ಒಂದು ಮಾತು. ಎರಡು ಕ್ವಯರ್ ವರ್ಷವಿಡೀ ಸಿಗುತ್ತದೆ. ಮೂರು ಕ್ವಯರ್, ಅದೂ ಪೂರ್ತಿ ಪುಟದ ಕ್ಯಾಶ್‌ಬುಕ್ ರೂಲಿಂಗ್ ಬೇಕಿದ್ದರೆ ದೀಪಾವಳಿಯ ಲಕ್ಷ್ಮೀಪೂಜೆಗೆ ಮುಂಚೆ ಇಲ್ಲವೇ ಮಾರ್ಚ್ ಕೊನೆಗೆ ಹೋಗಿ. ವ್ಯಾಪಾರಿಗಳು ಹೊಸ ಪುಸ್ತಕ ಎತ್ತುವ ಹೊತ್ತು ಅದು, ಅಂಗಡಿಯವರು ನಾಲ್ಕೈದು ಬಗೆ ತರಿಸಿರುತ್ತಾರೆ. ಕಾಲೇಜು ಶುರುವಾಗುವ ತಿಂಗಳಲ್ಲಿ ಕೇಳಿದರೆ ಲಾಂಗ್ ನೋಟ್‌ಬುಕ್ ಕೊಟ್ಟು ‘ಇದೇ ತಗೊಳ್ರೀ, ಎಲ್ಲಾ ಹುಡುಗ್ರೂ ಇದನ್ನೇ ತಗೋತಾರೆ’ ಎನ್ನುವುದುಂಟು. ಅದರಲ್ಲಿ ಬಲಪುಟಕ್ಕೆ ಬೇರೆ ಗೆರೆ ಇರುವುದಿಲ್ಲ. ಸ್ಕೇಲ್ ಹಿಡಿದು ಪ್ರತಿ ಪುಟಕ್ಕೂ ಎರಡು ಕಾಲಂ ನೀವೇ ಎಳೆಯಬೇಕು, ಪುಟಸಂಖ್ಯೆಯನ್ನೂ ಕೈಯಲ್ಲೇ ಹಾಕಬೇಕು.